ದುರ್ಗದ ಸೀಮೆಯಲ್ಲಿ ಕಿವಿಯ ಪ್ರವಾಸ

ಚಿತ್ರದುರ್ಗಕ್ಕೆ ಹೋಗಿ ಬಂದವರನ್ನು "ಏನೇನು ನೋಡಿದಿರಿ?" ಎಂದು ಕೇಳಿ. ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ, ಅಕ್ಕ-ತಂಗಿಯರ ಹೊಂಡ, ಜೊತೆಗೆ ಮೆಟ್ಟಿಲು ಹತ್ತಿ ಇಳಿದ ಕಾಲುನೋವು, ಇಷ್ಟನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. "ಏನೇನು ಕೇಳಿದಿರಿ?" ಎಂದು ಮಾತ್ರ ಯಾರೂ ಯಾರನ್ನೂ ವಿಚಾರಿಸುವುದಿಲ್ಲ. ಈ ಸಲ ನಾವು ಆ ಪ್ರಶ್ನೆಯನ್ನೇ ಚೀಲಕ್ಕೆ ಹಾಕಿಕೊಂಡು ಹೊರಡೋಣ. ಚಿತ್ರದುರ್ಗ, ಅಲ್ಲಿಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಮತ್ತೆ ದುರ್ಗ. ಬೀಸುವ ಕಲ್ಲು ಒಂದು ಸುತ್ತು ಬಂದ ಹಾಗೆ, ಹೊರಟಲ್ಲಿಗೇ ವಾಪಸು.

ಇಂಥ ಯೋಚನೆ ಎಲ್ಲಿಂದ ಬಂತು ಅಂತೀರಾ? ಬೆಳೆದ ಮಕ್ಕಳಿರುವ ಮನೆಯಾದರೆ ನಿಮಗೂ ಆ ಸದ್ದು ಗೊತ್ತಿರುತ್ತದೆ. ಬಾಗಿಲು ಹಾಕಿಕೊಂಡ ಕೋಣೆಯೊಳಗಿಂದ ಧಿಂ, ಧಿಂ, ಧಿಂ, ಧಿಂ. ಮಾತಿಲ್ಲ, ಪಲ್ಲವಿಯಿಲ್ಲ, ರಾಗ ಇದೆಯೋ ಇಲ್ಲವೋ ಎಂಬ ಅನುಮಾನ. "ಇದೇನೋ ಇದು, ಅವಲಕ್ಕಿ ಕುಟ್ಟಿದ ಹಾಗೆ!" ಅಂದರೆ, "ಅಮ್ಮಾ, ಇದಕ್ಕೆ ಮಿನಿಮಲ್ ಟೆಕ್ನೋ ಅಂತಾರೆ, ನಿನಗೆ ಅರ್ಥ ಆಗಲ್ಲ ಬಿಡು" ಎಂಬ ಉತ್ತರ ಬರುತ್ತದೆ.

ಅರ್ಥವಾಗದೆ ಏನು? ಕುಟ್ಟಿದ ಹಾಗೆ ಅನ್ನಿಸಿತಲ್ಲ, ಅದೇ ಅದರ ಅರ್ಥ. ಒಂದೇ ಏಟು, ಮತ್ತೆ ಅದೇ ಏಟು, ನಡುವೆ ಸಾಸಿವೆಯಷ್ಟು ವ್ಯತ್ಯಾಸ. ಅದನ್ನು ಸಂಗೀತ ಮಾಡಿ ಹೆಸರಾದ ಜರ್ಮನಿಯ ಒಬ್ಬ ಮನುಷ್ಯನ ವಿಷಯ ಮೊದಲು ಹೇಳುತ್ತೇನೆ. ಆಮೇಲೆ ಬಸ್ಸು ಹತ್ತೋಣ.

ಓಡಿಕೊಲೋನ್ ಊರಿನವನು

ಹಿಂದೆ ಜ್ವರ ಬಂದವರ ಹಣೆಯ ಮೇಲೆ ಬಟ್ಟೆ ಒದ್ದೆ ಮಾಡಿ ಹಾಕುತ್ತಿದ್ದ ಓಡಿಕೊಲೋನ್ ನೆನಪಿದೆಯೇ? ಆ ಪರಿಮಳದ ನೀರಿಗೆ ಹೆಸರು ಕೊಟ್ಟ ಊರು ಜರ್ಮನಿಯ ಕಲೋನ್. ವೋಲ್ಫ್‌ಗ್ಯಾಂಗ್ ಫೋಗ್ಟ್ ಹುಟ್ಟಿದ್ದು ಆ ಊರಿನಲ್ಲಿ, 1961ರಲ್ಲಿ.

ಟೆಕ್ನೋ ಸಂಗೀತ ಆತನ ಸ್ವಂತ ಸೊತ್ತೇನೂ ಅಲ್ಲ. ಅದು 1980ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ, ಅಂದರೆ ಮೋಟಾರು ಕಾರ್ಖಾನೆಗಳ ಊರಿನಲ್ಲಿ, ಕಪ್ಪು ಜನಾಂಗದ ಯುವಕರ ಕೈಯಲ್ಲಿ ಹುಟ್ಟಿದ್ದು. ಡೋಲು ಬಾರಿಸುವ ಕೆಲಸವನ್ನು ಒಂದು ಯಂತ್ರಕ್ಕೆ ಒಪ್ಪಿಸಿದರು. ಯಂತ್ರಕ್ಕೆ ದಣಿವಿಲ್ಲ. ನಿಮಿಷಕ್ಕೆ ನೂರಿಪ್ಪತ್ತೋ ನೂರಮೂವತ್ತೋ ಏಟು ಎಂದು ಹೇಳಿಟ್ಟರೆ ಬೆಳಗಿನ ತನಕ ಹಾಗೆಯೇ ಹೊಡೆಯುತ್ತದೆ. ಅದಕ್ಕೆ ಒಗ್ಗರಣೆ ಜಾಸ್ತಿಯಾಯಿತು ಅನ್ನಿಸಿದಾಗ ಕೆಲವರು ಒಂದೊಂದನ್ನೇ ತೆಗೆಯುತ್ತ ಬಂದರು. ಮಾತು ತೆಗೆದರು, ಮಟ್ಟು ತೆಗೆದರು. ಡೆಟ್ರಾಯಿಟ್ಟಿನ ರಾಬರ್ಟ್ ಹುಡ್ 1994ರಲ್ಲಿ ತಂದ 'ಮಿನಿಮಲ್ ನೇಷನ್' ಈ ಬಗೆಯಲ್ಲಿ ಹೆಸರಾದ ರೆಕಾರ್ಡು. ಇನ್ನು ತೆಗೆಯಲಾಗದು ಎಂಬಷ್ಟು ಉಳಿದದ್ದೇ ಮಿನಿಮಲ್. ಬೇಳೆ, ತರಕಾರಿ, ಮಸಾಲೆ ಎಲ್ಲ ಬಿಟ್ಟು ಬರೀ ತಿಳಿಸಾರು ಮಾಡಿದ ಹಾಗೆ. ತಿಳಿಸಾರು ಮಾಡಿದವರಿಗೆ ಗೊತ್ತು, ಅದರಲ್ಲಿ ತಪ್ಪು ಮುಚ್ಚಿಡಲು ಜಾಗವಿಲ್ಲ.

ಕಲೋನಿನಲ್ಲಿ 1993ರಲ್ಲಿ ಫೋಗ್ಟ್ ಮತ್ತು ಗೆಳೆಯರ ಗುಂಪು ರೆಕಾರ್ಡಿನ ಅಂಗಡಿಯೊಂದನ್ನು ಇಟ್ಟಿತು. ಅಂಗಡಿಯಿಂದ 1998ರಲ್ಲಿ 'ಕೊಂಪಾಕ್ಟ್' ಎಂಬ ಸಂಸ್ಥೆ ಬೆಳೆಯಿತು. ಆತನ ಜೊತೆಗೆ ಮಿಖಾಯೆಲ್ ಮಾಯರ್, ಯೂರ್ಗೆನ್ ಪಾಪೆ ಮೊದಲಾದವರು ಅದರಲ್ಲಿದ್ದರು. ಈ ಬಗೆಯ ಸಂಗೀತಕ್ಕೆ ಕಲೋನ್ ಒಂದು ತವರುಮನೆ ಎನ್ನಿಸಿಕೊಂಡದ್ದು ಆ ಸಂಸ್ಥೆಯಿಂದ.

ಈತನಲ್ಲಿ ಒಂದು ವಿಚಿತ್ರವಿದೆ. ತನ್ನ ಹೆಸರನ್ನು ಬಚ್ಚಿಡುವುದು. ಮೈಕ್ ಇಂಕ್ ಎಂದು ಕೆಲವು ರೆಕಾರ್ಡು, ಲವ್ ಇಂಕ್ ಎಂದು ಮತ್ತೆ ಕೆಲವು, ಹೀಗೆ ಎಷ್ಟೋ ಹೆಸರು. 1990ರ ದಶಕದ ನಡುವೆ 'ಸ್ಟುಡಿಯೋ 1' ಎಂಬ ಹೆಸರಿನಲ್ಲಿ ತಂದ ಸಾಲಿನಲ್ಲಿ ರೆಕಾರ್ಡುಗಳಿಗೆ ಹೆಸರೇ ಇಲ್ಲ, ಬರೀ ಬಣ್ಣ. ಒಂದು ಕೆಂಪು, ಒಂದು ಹಸಿರು, ಒಂದು ಹಳದಿ. ಬಳೆಗಾರನ ಮಲಾರ ಬಿಚ್ಚಿದ ಹಾಗೆ!

ಎಲ್ಲಕ್ಕಿಂತ ಹೆಸರಾದದ್ದು 'ಗ್ಯಾಸ್' ಎಂಬ ಹೆಸರಿನ ಕೆಲಸ. (ನಮ್ಮ ಅಡುಗೆಮನೆಯ ಗ್ಯಾಸ್ ಅಲ್ಲ.) 1996ರಿಂದ 2000ದವರೆಗೆ ನಾಲ್ಕು ಸಂಗ್ರಹ. ಅದರಲ್ಲೊಂದಕ್ಕೆ 'ಕೋನಿಗ್ಸ್‌ಫೋರ್ಸ್ಟ್' ಎಂದು ಹೆಸರು, ಅಂದರೆ ರಾಜನ ಕಾಡು. ಕಲೋನಿನ ಪಕ್ಕದಲ್ಲೇ ಇರುವ, ಆತ ಎಳೆಯ ವಯಸ್ಸಿನಲ್ಲಿ ಅಲೆದಾಡಿದ ಕಾಡು ಅದು. ಹಳೆಯ ವಾದ್ಯವೃಂದಗಳ ರೆಕಾರ್ಡಿನಿಂದ ಚೂರುಚೂರು ದನಿ ತೆಗೆದು, ಮಂಜು ಕವಿದ ಹಾಗೆ ಹರಡಿ, ಅದರ ಹಿಂದೆ ದೂರದಲ್ಲಿ ಒಂದೇ ಏಟು ಇಟ್ಟಿದ್ದಾನೆ. ಕೇಳಿದರೆ, ನಾವು ಮರಗಳ ನಡುವೆ ನಿಂತಿದ್ದೇವೆ, ಆಚೆ ಎಲ್ಲೋ ಜಾತ್ರೆಯ ಡೊಳ್ಳು ಕೇಳುತ್ತಿದೆ ಅನ್ನಿಸುತ್ತದೆ. ಆಮೇಲೆ ಸುಮ್ಮನಿದ್ದು, 2017ರಲ್ಲಿ ಮತ್ತೆ ಅದೇ ಹೆಸರಿನಲ್ಲಿ 'ನಾರ್ಕೋಪಾಪ್' ತಂದ.

ತನ್ನ ಊರ ಪಕ್ಕದ ಕಾಡನ್ನು ಒಂದು ಏಟಿನಲ್ಲಿ ಕೇಳಿಸಿದವನು ಇವನು. ನಮ್ಮ ಸೀಮೆಯ ಏಟು ಯಾವುದು? ಅದನ್ನು ಕೇಳಿಸಿದವರು ಯಾರು? ಇದು ಮನಸ್ಸಿಗೆ ಬಂದಾಗ ನನಗೆ ನೆನಪಾದದ್ದು ದುರ್ಗ.

ಚಿತ್ರದುರ್ಗ: ಕಲ್ಲು ಮತ್ತು ಒನಕೆ

ಬೆಳಿಗ್ಗೆ ಬೇಗ ಕೋಟೆ ಹತ್ತಿ. ಬಿಸಿಲೇರಿದ ಮೇಲೆ ಬಂಡೆ ಕಾದು ಹೆಂಚಾಗುತ್ತದೆ. ಬಾಗಿಲು ದಾಟಿ ಒಳಗೆ ಸ್ವಲ್ಪ ನಡೆದರೆ ಒಂದು ದೊಡ್ಡ ಹೊಂಡದಂಥ ಕಟ್ಟಡ, ಅದರೊಳಗೆ ಗುಂಡನೆಯ ಭಾರಿ ಬೀಸುವ ಕಲ್ಲುಗಳು. ಪಾಳೆಯಗಾರರ ಕಾಲದಲ್ಲಿ ತುಪಾಕಿಯ ಮದ್ದು ಅರೆಯುತ್ತಿದ್ದದ್ದು ಇಲ್ಲಿ. ಇವನ್ನು ತಿರುಗಿಸಲು ಪ್ರಾಣಿಗಳ ಬಲ ಬೇಕಿತ್ತು ಎಂದು ತೋರಿಸುವವರು ಹೇಳುತ್ತಾರೆ. ಗಂಡಸರು ಅಲ್ಲಿ ನಿಂತು ಯುದ್ಧದ ಮಾತಾಡುತ್ತಾರೆ. ಹೆಂಗಸರು ಮಾತ್ರ ಆ ಕಲ್ಲು ನೋಡಿದ ಕೂಡಲೇ ನಗುತ್ತಾರೆ. "ಅಯ್ಯೋ, ನಮ್ಮನೆ ರಾಗಿಕಲ್ಲು! ಇಷ್ಟು ಬೆಳೆದುಬಿಟ್ಟಿದೆ!" ಮಾತು ನಿಜವೇ. ಕೆಳಗೊಂದು ಮೇಲೊಂದು ಕಲ್ಲು, ನಡುವೆ ಬಾಯಿ, ಹಿಡಿಯಲು ಗೂಟ ಎಂಬ ನಮ್ಮ ಮನೆಯ ಜಾಣತನವನ್ನೇ ಕೋಟೆಯೂ ಸಾಲ ಪಡೆದಿತ್ತು.

ಮೇಲೆ ಹೋಗಿ ಹಿಡಿಂಬೇಶ್ವರನ ಗುಡಿಗೂ ಹೊಕ್ಕು ಬನ್ನಿ. ಹಿಡಿಂಬಾಸುರನನ್ನು ಭೀಮ ಕೊಂದದ್ದು ಈ ಬೆಟ್ಟದ ಮೇಲೆ ಎಂದು ಸ್ಥಳದ ಕಥೆ. ಕಬ್ಬಿಣದ ತಗಡಿನ, ಕೊಳಗದ ಆಕಾರದ ಒಂದು ದೊಡ್ಡ ವಸ್ತುವನ್ನು ಭೀಮನ ಭೇರಿ ಎಂದು ಜನ ಕರೆಯುತ್ತ ಬಂದಿದ್ದಾರೆ. ಭೇರಿಯಿಲ್ಲದ ಕೋಟೆಯನ್ನು ಇಲ್ಲಿಯವರು ಊಹಿಸಲಾರರು.

ಓಬವ್ವನ ಕಿಂಡಿಗೆ ಬಂದಾಗ ಒಂದು ಗಳಿಗೆ ಮಾತು ನಿಲ್ಲಿಸಿ. ಕಥೆ ನಿಮಗೆ ಗೊತ್ತೇ ಇದೆ. ಹೈದರಾಲಿಯ ಸೈನ್ಯ ಕೋಟೆಯನ್ನು ಮುತ್ತಿದ್ದ ಕಾಲ. ಕಾವಲಿನ ಕಹಳೆಯ ಮುದ್ದಹನುಮ ಊಟಕ್ಕೆ ಕೂತಿದ್ದಾನೆ, ಹೆಂಡತಿ ನೀರಿಗೆಂದು ಬಂದಿದ್ದಾಳೆ, ಕಿಂಡಿಯಲ್ಲಿ ತಲೆಯೊಂದು ತೂರುತ್ತಿದೆ. ಆಕೆ ಗಂಡನನ್ನು ಕೂಗಲಿಲ್ಲ, ಒನಕೆ ತಂದಳು. ಕೋಟೆ 1779ರಲ್ಲಿ ಬಿತ್ತು. ಮದಕರಿನಾಯಕನ ಆಳ್ವಿಕೆ ಮುಗಿಯಿತು. ಒನಕೆಯ ಹೆಸರು ಮಾತ್ರ ಬೀಳಲಿಲ್ಲ. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ಬಂದ ಮೇಲಂತೂ ನಾಡಿಗೆಲ್ಲ ಆಕೆ ಮನೆಮಗಳಾದಳು. 2021ರಿಂದ ಪ್ರತಿ ನವೆಂಬರ್ 11ರಂದು ಸರ್ಕಾರವೇ ಆಕೆಯ ಜಯಂತಿ ಮಾಡುತ್ತಿದೆ.

ಒನಕೆ ಕುಟ್ಟಿದವರಿಗೆ ಒಂದು ವಿಷಯ ಗೊತ್ತು. ತೋಳಿನ ಬಲದಿಂದ ಕುಟ್ಟಿದರೆ ಹತ್ತು ಏಟಿಗೆ ಸುಸ್ತು. ಲಯದಿಂದ ಕುಟ್ಟಿದರೆ ಒಂದು ಪಲ್ಲ ಭತ್ತ ಮುಗಿದರೂ ಗೊತ್ತಾಗದು. ಎತ್ತುವಾಗ ಉಸಿರು ಒಳಗೆ, ಬಿಡುವಾಗ ಹೊರಗೆ. ಇಬ್ಬರು ಒಂದೇ ಒರಳಿಗೆ ನಿಂತರೆ ಇವಳ ಒನಕೆ ಮೇಲೆದ್ದಾಗ ಅವಳದು ಕೆಳಗೆ. ಒಂದು ಚಿಟಿಕೆ ತಪ್ಪಿದರೂ ಒನಕೆಗೆ ಒನಕೆ ತಾಗುತ್ತದೆ. ಜರ್ಮನಿಯವನು ಯಂತ್ರದಿಂದ ಮಾಡಿಸಿದ ಕೆಲಸವನ್ನು ನಮ್ಮ ಹೆಂಗಸರು ತೋಳಿನಿಂದ ಮಾಡುತ್ತಿದ್ದರು. ವ್ಯತ್ಯಾಸ ಇಷ್ಟೇ, ಅವನ ಏಟಿಗೆ ಜನ ರಾತ್ರಿಯಿಡೀ ಕುಣಿದರು, ಇವರ ಏಟಿಗೆ ಮನೆಯವರೆಲ್ಲ ಉಂಡರು.

ಸಂಜೆ ಜೋಗಿಮಟ್ಟಿಯ ಕಡೆ ಹೋದರೆ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು. ಮೂರು ರೆಕ್ಕೆ, ನಿಧಾನವಾದ ಸುತ್ತು, ಒಂದೊಂದು ರೆಕ್ಕೆ ಕೆಳಗಿಳಿದಾಗಲೂ ಒಂದು 'ಹೂಂ'. ದುರ್ಗದ ಹೊಸ ಬೀಸುವ ಕಲ್ಲು ಇದು, ರಾಗಿಯ ಬದಲು ಗಾಳಿ ಬೀಸುತ್ತದೆ.

ಹಿರಿಯೂರು: "ಕಲ್ಲಿಲ್ದೆ ಪದ ಎಂಗೆ ಬತ್ತೈತೆ?"

ದುರ್ಗದಿಂದ ಬೆಂಗಳೂರಿನ ಹೆದ್ದಾರಿ ಹಿಡಿದರೆ ಹಿರಿಯೂರು. ವೇದಾವತಿಯ ದಡದ ಊರು. ತೇರುಮಲ್ಲೇಶ್ವರನ ದರ್ಶನ ಮಾಡಿಕೊಂಡು ವಾಣಿವಿಲಾಸ ಸಾಗರಕ್ಕೆ ಹೋಗಿ. ಜನ ಮಾರಿಕಣಿವೆ ಅಂತಲೇ ಕರೆಯುವುದು. ಎರಡು ಗುಡ್ಡಗಳ ನಡುವೆ ಕಟ್ಟೆ ಹಾಕಿ ನದಿ ನಿಲ್ಲಿಸಿದ್ದಾರೆ. ಕೆಲಸ ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಮಗ ಚಿಕ್ಕವನಾಗಿದ್ದಾಗ ಮೈಸೂರು ರಾಜ್ಯವನ್ನು ನಡೆಸಿದ ರಾಜಮಾತೆ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಹೆಸರು ಇದಕ್ಕೆ. ಈ ಕೆರೆ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ! 89 ವರ್ಷ ಈ ಸೀಮೆಯ ಜನ ಕೋಡಿಯ ಸದ್ದು ಕೇಳಲೇ ಇಲ್ಲ. ಹಾಗಾಗಿಯೇ ಆ ವರ್ಷ ಮುದುಕರು ಮೊಮ್ಮಕ್ಕಳನ್ನು ಕರೆದುಕೊಂಡು ನೋಡಲು ಬಂದರು.

ಹೋದ ಸದ್ದು ಕೆಲವು ಸಲ ಹೀಗೆ ವಾಪಸು ಬರುತ್ತದೆ. ಎಲ್ಲ ಸದ್ದಿಗೂ ಆ ಅದೃಷ್ಟ ಇರುವುದಿಲ್ಲ. ಈ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಒಬ್ಬ ಅಜ್ಜಿಯನ್ನು ಬೀಸುವ ಪದ ಹೇಳಿಕೊಡಿ ಎಂದು ಕೇಳಿದೆ. ಜಗಲಿಯ ಮೇಲೆ ಕೂತಿದ್ದರು. ಬಾಯಿ ತೆರೆದರು, ಒಂದು ಸಾಲು ಬಂತು, ನಿಂತಿತು. ಮತ್ತೆ ಪ್ರಯತ್ನಿಸಿದರು, ಮತ್ತೆ ನಿಂತಿತು. ಕೊನೆಗೆ ನನ್ನ ಮೇಲೆಯೇ ರೇಗಿದರು. "ಕಲ್ಲಿಲ್ದೆ ಪದ ಎಂಗೆ ಬತ್ತೈತವ್ವಾ? ಬರೇ ಬಾಯಿಗೆ ಬರೋಕೆ ಅದೇನು ಬೈಗುಳವಾ?"

ಸೊಸೆ ನಕ್ಕು, ಹಿತ್ತಲಲ್ಲಿ ಕೋಳಿ ಮುಚ್ಚುವ ಬುಟ್ಟಿಯ ಮೇಲೆ ಭಾರಕ್ಕೆಂದು ಇಟ್ಟಿದ್ದ ಮೇಲ್ಗಲ್ಲನ್ನು ತಂದಳು. ಕೆಳಗಲ್ಲು ದನದ ಕೊಟ್ಟಿಗೆಯಲ್ಲಿತ್ತು. ತೊಳೆದು, ಕೂಡಿಸಿ, ಒಂದು ಗೂಟ ಬಡಿದು, ಒಂದು ಹಿಡಿ ರಾಗಿ ಹಾಕಿದ್ದಾಯಿತು. ಅಜ್ಜಿ ಒಂದು ಕಾಲು ಚಾಚಿ ಕೂತರು. ನಾಲ್ಕು ಸುತ್ತು ಸುಮ್ಮನೆ ತಿರುಗಿಸಿದರು. ಐದನೆಯ ಸುತ್ತಿಗೆ ಪದ ತಾನೇ ಬಂತು. ಮತ್ತೆ ಮುಕ್ಕಾಲು ಗಂಟೆ ನಿಲ್ಲಲಿಲ್ಲ. ಸೊಸೆ ಬಾಯಿ ಬಿಟ್ಟುಕೊಂಡು ಕೂತಳು. ಮದುವೆಯಾಗಿ ಆ ಮನೆಗೆ ಬಂದು ಇಪ್ಪತ್ತು ವರ್ಷವಾಗಿತ್ತು, ಅತ್ತೆ ಹಾಡುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಬರುವ ಹೊತ್ತಿಗೆ ಊರಿಗೆ ಹಿಟ್ಟಿನ ಗಿರಣಿ ಬಂದಾಗಿತ್ತು.

ಗಿರಣಿ ಬಂದದ್ದು ಕೆಟ್ಟದ್ದು ಎಂದು ನಾನು ಹೇಳುವವಳಲ್ಲ. ಕೋಳಿ ಕೂಗುವ ಮುಂಚೆ ಎದ್ದು, ಬಸುರಿಯಾಗಿದ್ದರೂ ಬಾಣಂತಿಯಾಗಿದ್ದರೂ, ಅಂಗೈ ಬೊಬ್ಬೆ ಬರುವಂತೆ ಬೀಸಿದವರನ್ನು ಕೇಳಿ ನೋಡಿ, ಗಿರಣಿಗೆ ಕೈ ಮುಗಿಯುತ್ತಾರೆ. ಕಲ್ಲು ಹೋದದ್ದು ಸರಿ. ಕಲ್ಲಿನ ಜೊತೆ ಪದವೂ ಹೋಯಿತಲ್ಲ, ಅದನ್ನು ಯಾರೂ ಲೆಕ್ಕ ಹಾಕಲಿಲ್ಲ.

ಆ ಪದಗಳ ಕಟ್ಟು ನೋಡಿ. ಬಹಳಷ್ಟು ತ್ರಿಪದಿ, ಅಂದರೆ ಮೂರು ಸಾಲು. ಬಾದಾಮಿಯಲ್ಲಿ ಏಳನೆಯ ಶತಮಾನದ ಕೊನೆಯ ಹೊತ್ತಿನ ಕಪ್ಪೆ ಅರಭಟ್ಟನ ಶಾಸನದಲ್ಲೇ ಈ ತ್ರಿಪದಿ ಇದೆ. ಅಷ್ಟು ಹಳೆಯ ಅಚ್ಚು. ಅದೇ ಮಟ್ಟು ನೂರು ಸಲ ತಿರುಗುತ್ತದೆ. ಅದರೊಳಗೆ ತವರು ಬರುತ್ತದೆ, ಅಣ್ಣ ಬರುತ್ತಾನೆ, ತೊಟ್ಟಿಲು ಬರುತ್ತದೆ, ಅತ್ತೆಗೆ ಕೇಳಬಾರದ ಮಾತು ಕಲ್ಲಿನ ಸದ್ದಿನ ಮರೆಯಲ್ಲಿ ಬರುತ್ತದೆ. ಒಂದೇ ಸುತ್ತು, ಒಳಗೆ ಸಾಸಿವೆಯಷ್ಟು ವ್ಯತ್ಯಾಸ. ಮಗನ ಕೋಣೆಯ ಸಂಗೀತದ ಗುಟ್ಟು ಇದೇ ಅಲ್ಲವೇ?

ಹಿರಿಯೂರಿನ ಪಕ್ಕದ ತಾಲ್ಲೂಕು ಚಳ್ಳಕೆರೆ. ಅಲ್ಲಿಯ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ಹೇಳದೆ ಈ ಸೀಮೆಯಿಂದ ಮುಂದೆ ಹೋಗಬಾರದು. ದನ-ಕುರಿ ಕಾಯುವ ಕಾಡುಗೊಲ್ಲರ ಹೆಣ್ಣುಮಗಳು. ಅಕ್ಷರ ಕಲಿತವರಲ್ಲ. ತಲೆಯೊಳಗೆ ಸಾವಿರಾರು ಪದ. ಬುಡಕಟ್ಟಿನ ವೀರರ ಕಥೆ, ಸೋಬಾನೆ, ಹೆಣ್ಣಿನ ಸುಖ-ದುಃಖ ಎಲ್ಲವೂ ಅದರಲ್ಲಿ. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಅವರ ಮುಂದೆ ಕೂತು ಹಾಡು ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಕರೆಯಿತು. ಸಿರಿಯಜ್ಜಿ ಈಗ ಇಲ್ಲ. ಅವರ ಪದಗಳು ಪುಸ್ತಕದಲ್ಲಿ ಉಳಿದಿವೆ. ಕಾರಣ ಇಷ್ಟೇ, ಒಬ್ಬರು ಹೋಗಿ ಕೇಳಿದರು.

ಕಾಡುಗೊಲ್ಲರ ಗಂಡಸರ ವಾದ್ಯ ಗಣೆ. ಉದ್ದನೆಯ ಬಿದಿರ ಕೊಳಲು, ಉಸಿರೇ ಹೆಚ್ಚು ಕೇಳಿಸುವ ದನಿ. ಜುಂಜಪ್ಪನ ಕಥೆಯನ್ನು ಈ ಗಣೆಯ ಜೊತೆ ರಾತ್ರಿಯೆಲ್ಲ ಹಾಡುತ್ತಾರೆ. ಅವಕಾಶ ಸಿಕ್ಕರೆ ಬಿಡಬೇಡಿ. ಮೊದಲ ಅರ್ಧ ಗಂಟೆ "ಇದೇನು, ಒಂದೇ ಥರ" ಅನ್ನಿಸುತ್ತದೆ. ಆಮೇಲೆ ಕಿವಿ ಪಳಗುತ್ತದೆ.

ಹೊಸದುರ್ಗ: ಬಳೆ ಮತ್ತು ಬಣ್ಣ

ಮಾರಿಕಣಿವೆಯಿಂದ ಹೊಸದುರ್ಗದ ದಾರಿಯಲ್ಲಿ ತೆಂಗು ಶುರುವಾಗುತ್ತದೆ, ಕಣ್ಣಿಗೆ ತಂಪು. ಈ ತಾಲ್ಲೂಕಿನ ಮತ್ತೋಡು ಎಂಬ ಊರನ್ನು ಪ್ರವಾಸದ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಆದರೆ ಹೆಂಗಸರಾದ ನಾವು ಒಂದು ಸಲ ನೆನೆಯಬೇಕಾದ ಊರು ಅದು. ಒಂದು ಕಾಲಕ್ಕೆ ಅಲ್ಲಿ ಗಾಜು ಕಾಯಿಸಿ ಬಳೆ ಮಾಡುತ್ತಿದ್ದರು. ಟಿಪ್ಪುವಿನ ನಂತರ, 1800-01ರಲ್ಲಿ ಈ ರಾಜ್ಯವನ್ನೆಲ್ಲ ಸುತ್ತಿ ಬರೆದ ಬುಕಾನನ್ ಸಾಹೇಬ ಮತ್ತೋಡಿನ ಗಾಜಿನ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಈಗ ಆ ಕುಲುಮೆಗಳಿಲ್ಲ.

ಬಳೆಗೂ ನಮ್ಮ ಸಂಗೀತಕ್ಕೂ ಏನು ಸಂಬಂಧ ಅಂತೀರಾ? ಕಲ್ಲು ತಿರುಗುವಾಗ 'ಘರ್ರ್' ಎಂಬುದು ಶ್ರುತಿ, ಗೂಟ ಮೈಯ ಹತ್ತಿರ ಬಂದಾಗಲೊಮ್ಮೆ 'ಝಲ್' ಎನ್ನುವ ಬಳೆ ತಾಳ. ಬೀಸುವ ಪದಕ್ಕೆ ಬೇರೆ ಪಕ್ಕವಾದ್ಯ ಇರಲೇ ಇಲ್ಲ. ಜಗಲಿಯಲ್ಲಿ ಮಲಗಿದವನಿಗೆ ಬಳೆಯ ಸದ್ದಿನಿಂದಲೇ ಬೀಸುತ್ತಿರುವುದು ತಾಯಿಯೋ ಹೆಂಡತಿಯೋ ಎಂದು ಗೊತ್ತಾಗುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಗಂಡ ತೀರಿದವಳು ಬೀಸುವಾಗ ತಾಳವೇ ಇಲ್ಲ, ಬರೀ ಕಲ್ಲಿನ ಸದ್ದು. ತೆಗೆಯುತ್ತ ತೆಗೆಯುತ್ತ ಹೋಗುವ ಸಂಗೀತ ಎಂದು ಆಗ ಹೇಳಿದೆನಲ್ಲ. ಜರ್ಮನಿಯವನು ತಾನೇ ಬೇಡವೆಂದು ತೆಗೆದ. ಇವಳ ಕೈಯಿಂದ ಬೇರೆಯವರು ತೆಗೆಸಿದರು. ಅಷ್ಟು ಅಂತರ ಮರೆಯಬಾರದು.

ಇದೇ ತಾಲ್ಲೂಕಿನ ಸಾಣೇಹಳ್ಳಿಗೆ ಹೋದರೆ ಮನಸ್ಸು ಹಗುರಾಗುತ್ತದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ಶುರುಮಾಡಿದ 'ಶಿವಸಂಚಾರ' ಎಂಬ ನಾಟಕ ತಂಡದ ಊರು ಅದು. ತಂಡ ಪ್ರತಿ ವರ್ಷ ಹೊಸ ನಾಟಕ ಕಟ್ಟಿಕೊಂಡು ಕರ್ನಾಟಕವನ್ನೆಲ್ಲ ಸುತ್ತುತ್ತದೆ. ನವೆಂಬರಿನ ನಾಟಕೋತ್ಸವಕ್ಕೆ ಸುತ್ತಲ ಹಳ್ಳಿಯ ಹೆಂಗಸರು ಅಡುಗೆ ಬೇಗ ಮುಗಿಸಿ, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬಂದು ಬಯಲಿನಲ್ಲಿ ಕೂರುತ್ತಾರೆ. ಹಳ್ಳಿಯಲ್ಲಿ ಕೇಳುವವರಿಲ್ಲ ಎನ್ನುವವರು ಒಂದು ರಾತ್ರಿ ಅಲ್ಲಿ ಕೂತು ನೋಡಬೇಕು. ಕೇಳುವವರಿದ್ದಾರೆ, ಕೂರಲು ಜಾಗ ಮಾಡಿಕೊಡುವವರು ಬೇಕು.

ಹೊಳಲ್ಕೆರೆ: ರೈಲು ಮತ್ತು ತಮಟೆ

ಹೊಳಲ್ಕೆರೆಯಲ್ಲಿ ಮೊದಲು ಬಯಲು ಗಣಪನಿಗೆ ಕೈ ಮುಗಿಯಿರಿ. ಆಳೆತ್ತರಕ್ಕೂ ಮೀರಿದ ಮೂರ್ತಿ. ಇದೇ ತಾಲ್ಲೂಕಿನಲ್ಲಿ ಮಲ್ಲಾಡಿಹಳ್ಳಿ ಇದೆ, ರಾಘವೇಂದ್ರ ಸ್ವಾಮಿಗಳ ಯೋಗ ಮತ್ತು ಆಯುರ್ವೇದದಿಂದ ಹೆಸರಾದ ಊರು. ಮೈಕೈ ನೋವಿನವರು ಅರ್ಧ ದಿನ ಅಲ್ಲಿಗೆ ಎತ್ತಿಡಿ.

ಕಿವಿಗೆ ಬೇಕಾದದ್ದು ಚಿಕ್ಕಜಾಜೂರಿನಲ್ಲಿದೆ. ಬೆಂಗಳೂರು-ಹುಬ್ಬಳ್ಳಿ ದಾರಿಯಿಂದ ಚಿತ್ರದುರ್ಗ, ಬಳ್ಳಾರಿಯ ಕಡೆಗೆ ಹಳಿ ಕವಲೊಡೆಯುವ ಜಂಕ್ಷನ್ ಅದು. ಹಿಂತಿರುಗುವಾಗ ಬಸ್ಸು ಬಿಟ್ಟು ರೈಲಿನಲ್ಲಿ ದುರ್ಗಕ್ಕೆ ಬನ್ನಿ. ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿ. ಟಕ-ಟಕ, ಟಕ-ಟಕ. ಕಲೋನಿನ ನೆರೆಯ ಡ್ಯುಸೆಲ್ಡಾರ್ಫ್ ಊರಿನ 'ಕ್ರಾಫ್ಟ್‌ವರ್ಕ್' ತಂಡ 1977ರಲ್ಲಿ ರೈಲಿನ ಈ ಲಯವನ್ನೇ ಯಂತ್ರಗಳಿಂದ ನುಡಿಸಿ 'ಟ್ರಾನ್ಸ್-ಯೂರೋಪ್ ಎಕ್ಸ್‌ಪ್ರೆಸ್' ಎಂದು ತಂದಿತು. ಮುಂದೆ ಡೆಟ್ರಾಯಿಟ್ಟಿನ ಹುಡುಗರು ಅದನ್ನು ಕೇಳಿ ಬೆಳೆದರು, ಅವರ ಸಂಗೀತವನ್ನು ಕಲೋನಿನವರು ಕೇಳಿದರು. ಸದ್ದು ಹೀಗೆ ಊರೂರು ಸುತ್ತುತ್ತದೆ. ಬೇರು ಹುಡುಕಿದರೆ ಎಲ್ಲೋ ಒಂದು ಕಡೆ ದುಡಿಮೆ ಇರುತ್ತದೆ. ರೈಲು, ಕಾರ್ಖಾನೆ, ಒರಳು, ಕಲ್ಲು.

ಈ ಸೀಮೆಯ ಹಬ್ಬದ ದಿನ ಸಿಕ್ಕರೆ ತಮಟೆ, ಉರುಮೆ ಎರಡನ್ನೂ ಕೇಳುತ್ತೀರಿ. ತಮಟೆಯನ್ನು ಬೆಂಕಿಗೆ ಹಿಡಿದು ಬಿಸಿ ಮಾಡಿ ಶ್ರುತಿ ಏರಿಸುತ್ತಾರೆ. ಉರುಮೆಯಲ್ಲಿ ಒಂದು ಬದಿಯ ಚರ್ಮವನ್ನು ಕೋಲಿನಿಂದ ಉಜ್ಜುತ್ತಾರೆ, ಹುಲಿ ಗುರುಗುಟ್ಟಿದ ಹಾಗೆ ಎದೆಯೊಳಕ್ಕೇ ಹೋಗುತ್ತದೆ. ನಿಮ್ಮ ಜೊತೆ ಬಂದ ಮಗ ಕಿವಿಯಿಂದ ಯಂತ್ರ ತೆಗೆದು ನಿಂತುಬಿಟ್ಟರೆ ಆಶ್ಚರ್ಯಪಡಬೇಡಿ. "ಅಮ್ಮಾ, ಇದು ಅದೇ ಅಲ್ವಾ?" ಎಂದು ಅವನೇ ಕೇಳುತ್ತಾನೆ.

ಹೋಗುವವರಿಗೆ ನಾಲ್ಕು ಮಾತು

ಕೋಟೆಗೆ ಗಟ್ಟಿ ಚಪ್ಪಲಿ, ನೀರು, ತಲೆಗೊಂದು ಸೆರಗು ಅಥವಾ ಟೋಪಿ ಬೇಕೇ ಬೇಕು. ಮಳೆ ಬಿದ್ದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿಯೊಳಗೆ ಹೋದರೆ ಸುಖ. ಸಂಜೆಗೆ ಖಾರ ಮಂಡಕ್ಕಿ ಮತ್ತು ಮೆಣಸಿನಕಾಯಿ ಬೋಂಡ ತಿನ್ನದೆ ದುರ್ಗ ಬಿಡಬೇಡಿ. ಹಿರಿಯೂರಿನ ಕಡೆ ಊಟಕ್ಕೆ ರಾಗಿಮುದ್ದೆ, ಸೊಪ್ಪಿನ ಸಾರು, ಶೇಂಗಾ ಚಟ್ನಿ. ನಾಲ್ಕು ಊರಿಗೂ ಬಸ್ಸಿದೆ, ಮೂರು ದಿನ ಸಾಕು.

ಇನ್ನೊಂದು ಕೆಲಸ ಊರಿಂದ ಬಂದ ಮೇಲೆ ಮನೆಯಲ್ಲೇ ಮಾಡುವಂಥದು. ಫೋಗ್ಟ್ ತನ್ನ ಹೆಸರನ್ನು ಬೇಕೆಂದೇ ಬಚ್ಚಿಟ್ಟ, ಆದರೂ ಯಾವ ರೆಕಾರ್ಡು ಯಾವ ವರ್ಷದ್ದು ಎಂದು ಜಗತ್ತು ಹುಡುಕಿ ಬರೆದಿಟ್ಟಿದೆ. ನಮ್ಮ ಅಜ್ಜಿಯರು ಬಚ್ಚಿಡಲಿಲ್ಲ, ಅವರನ್ನು ಕೇಳಿದವರು ಕಡಿಮೆ. ಕೈಯಾರೆ ಬೀಸಿದ ಹೆಂಗಸರು ಈಗ ಎಂಬತ್ತರ ಆಚೆ ಈಚೆ ಇದ್ದಾರೆ. ನಿಮ್ಮ ತಾಯಿಯೋ ಅತ್ತೆಯೋ, ಪಕ್ಕದ ಮನೆಯ ದೊಡ್ಡಮ್ಮನೋ ಆಗಿರಬಹುದು. "ಒಂದು ಹಾಡು ಹೇಳಿ" ಎಂದು ಸುಮ್ಮನೆ ಕೇಳಬೇಡಿ, ಬಾರದು. ಅಟ್ಟದ ಮೇಲೋ ಹಿತ್ತಲಲ್ಲೋ ಬಿದ್ದಿರುವ ಕಲ್ಲನ್ನು ತೊಳೆದು ಮುಂದಿಡಿ. ಕಲ್ಲು ಸಿಗದಿದ್ದರೆ ಮೊರವಾದರೂ ಕೈಗೆ ಕೊಡಿ, ಕೇರುತ್ತ ಕೇರುತ್ತ ಬರುತ್ತದೆ. ಮಗನಿಗೋ ಮಗಳಿಗೋ ಹೇಳಿ ಫೋನಿನಲ್ಲಿ ಧ್ವನಿ ಹಿಡಿಸಿ. ನಡುವೆ ನಿಂತರೆ ಅವಸರ ಮಾಡಬೇಡಿ, ಕಲ್ಲು 'ಘರ್ರ್' ಎನ್ನುವುದೂ ಹಾಡಿನ ಭಾಗವೇ.

ಹಾಡು ಶುರುವಾಗುವ ಮೊದಲು ಅವರ ಹೆಸರು, ತವರೂರು, ಯಾರಿಂದ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ.